ಒಂದು ಕಂಪ್ಯೂಟರಿಗೆ ಆರೇಳು ಹಾರ್ಡ್ ಡಿಸ್ಕ್: ಪವರ್ಡ್ ಹಬ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಕ್ಷಗಾನದ ಆಟ, ತಾಳಮದ್ದಳೆ ರೆಕಾರ್ಡ್ ಮಾಡಿ ಇಟ್ಟುಕೊಂಡ ಮನೆಗಳು ಒಂದೆರಡಲ್ಲ. ಮೊದಲು ಕ್ಯಾಸೆಟ್ ಇತ್ತು, ಆಮೇಲೆ ಮಿನಿ ಡಿವಿ ಟೇಪ್ ಬಂತು, ಈಗ ಮೆಮೊರಿ ಕಾರ್ಡ್. ಎಲ್ಲವೂ ಕೊನೆಗೆ ಬಂದು ಸೇರುವುದು ಹಾರ್ಡ್ ಡಿಸ್ಕಿಗೆ. ಮಿನಿ ಡಿವಿ ಟೇಪನ್ನು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕು. ಫುಲ್ ಎಚ್‌ಡಿ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ಹಿಡಿದರೆ ಗಂಟೆಗೆ 10 ಜಿಬಿಗಿಂತ ಸ್ವಲ್ಪ ಜಾಸ್ತಿ. ಇಡೀ ರಾತ್ರಿಯ ಒಂದು ಆಟಕ್ಕೇ 80ರಿಂದ 100 ಜಿಬಿ ಹೋಯಿತು. ಇದರ ಜೊತೆ ಮನೆಯ ಮದುವೆ, ಉಪನಯನ, ಕೋಲ, ಜಾತ್ರೆ ಅಂತ ವಿಡಿಯೊ ಇದ್ದೇ ಇರುತ್ತದೆ. 1 ಟಿಬಿ ಡಿಸ್ಕ್ ತುಂಬಿತು ಅಂತ ಇನ್ನೊಂದು ತಂದರು, ಅದೂ ತುಂಬಿತು ಅಂತ ಮತ್ತೊಂದು. ಕಂಪ್ಯೂಟರಿನಲ್ಲಿ ಪೋರ್ಟ್ ಇರುವುದು ನಾಲ್ಕೋ ಆರೋ. ಅದರಲ್ಲಿ ಎರಡು ಕೀಬೋರ್ಡಿಗೂ ಮೌಸಿಗೂ ಹೋಯಿತು.

ಆಗ ಅಂಗಡಿಗೆ ಹೋಗಿ ಅಗ್ಗದ ಒಂದು ಹಬ್, ಅಂದರೆ ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ, ತಂದು ನಾಲ್ಕು ಡಿಸ್ಕ್ ಸಿಕ್ಕಿಸುತ್ತಾರೆ. ಎರಡು ಕಾಣುತ್ತವೆ, ಮೂರನೆಯದು ಟಕ್ ಟಕ್ ಅನ್ನುತ್ತದೆ, ನಾಲ್ಕನೆಯದನ್ನು ಚುಚ್ಚಿದ ಕೂಡಲೇ ಎಲ್ಲವೂ ಮಾಯ. ಡಿಸ್ಕ್ ಹೋಯಿತು ಅಂತ ಗಾಬರಿಯಾಗುತ್ತದೆ. ಹೆಚ್ಚಿನ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಕರೆಂಟ್ ಸಾಲದೆ ಹೋಗಿರುತ್ತದೆ, ಅಷ್ಟೇ. ಹಬ್ ಕೊಳ್ಳುವಾಗ ಎಲ್ಲರೂ ಪೋರ್ಟ್ ಎಷ್ಟಿದೆ ಅಂತ ಎಣಿಸುತ್ತಾರೆ. ಎಣಿಸಬೇಕಾದ್ದು ಆಂಪಿಯರನ್ನು.

ಮೊದಲು ಕರೆಂಟಿನ ಲೆಕ್ಕ

ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಅಂದರೆ 2.5 ವಾಟ್. ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುತ್ತದೆ, 4.5 ವಾಟ್. ಟೈಪ್ ಸಿ ಪೋರ್ಟ್ 5 ವೋಲ್ಟಿನಲ್ಲೇ 3 ಆಂಪಿಯರ್ ತನಕ ಕೊಡಬಹುದು. ಆದರೆ ಎಲ್ಲ ಟೈಪ್ ಸಿ ಪೋರ್ಟ್ ಅಷ್ಟು ಕೊಡುವುದಿಲ್ಲ.

ಈಗ ಡಿಸ್ಕಿನ ಕಡೆ ನೋಡಿ. ಅಂಗಿಯ ಜೇಬಿಗೆ ಹೋಗುವಂಥ 2.5 ಇಂಚಿನ ಡಿಸ್ಕ್ ಓಡುತ್ತಿರುವಾಗ ಅರ್ಧ ಆಂಪಿಯರ್ ಆಚೀಚೆ ತಿನ್ನುತ್ತದೆ. ಆದರೆ ಒಳಗಿನ ತಟ್ಟೆ ತಿರುಗಲು ಶುರುವಾಗುವ ಮೊದಲ ಕೆಲವು ಸೆಕೆಂಡ್ ಹತ್ತಿರ ಹತ್ತಿರ 1 ಆಂಪಿಯರ್ ಎಳೆಯುತ್ತದೆ. ಸೋಲುವುದು ಆ ಕ್ಷಣದಲ್ಲಿ. ಅಡಾಪ್ಟರ್ ಇಲ್ಲದ ಹಬ್ಬಿನಲ್ಲಿ ನಾಲ್ಕು ಪೋರ್ಟ್ ಇದ್ದರೂ ಕಂಪ್ಯೂಟರಿನಿಂದ ಬರುವ ಒಂದೇ ಪೋರ್ಟಿನ 900 ಮಿಲಿಆಂಪಿಯರನ್ನು ನಾಲ್ವರೂ ಹಂಚಿಕೊಳ್ಳಬೇಕು. ಅಡಿಕೆ ತೋಟದಲ್ಲಿ ಒಂದು ಪಂಪಿಗೆ ಎಲ್ಲ ಗೇಟ್ ವಾಲ್ವ್ ಒಟ್ಟಿಗೆ ತೆರೆದರೆ ನೀರು ಹಾರಿಸುವ ಒಂದು ಜೆಟ್ಟೂ ಸರಿ ತಿರುಗುವುದಿಲ್ಲ ಅಲ್ವಾ, ಇದೂ ಹಾಗೆಯೇ.

3.5 ಇಂಚಿನ ದೊಡ್ಡ ಡಿಸ್ಕಿನ ಕಥೆ ಬೇರೆ. ಅದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ತನ್ನದೇ ಅಡಾಪ್ಟರ್ ತಂದಿರುತ್ತದೆ. ಹಬ್ಬಿನಿಂದ ಅದು ಕರೆಂಟ್ ತೆಗೆದುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ.

ಮನೆಯಲ್ಲಿರುವ ಎಲ್ಲ ಡಿಸ್ಕ್ ಮೇಜಿನ ಮೇಲೆ ಹರಡಿ, ಹಿಂದಿರುವ ಚೀಟಿ ಓದಿ. 5 ವೋಲ್ಟ್, 1 ಆಂಪಿಯರ್ ಎಂಬಂತೆ ಏನೋ ಇರುತ್ತದೆ. ಚೀಟಿ ಅಳಿಸಿ ಹೋಗಿದ್ದರೆ 2.5 ಇಂಚಿನದಕ್ಕೆ 1 ಆಂಪಿಯರ್ ಅಂತಲೇ ಹಿಡಿಯಿರಿ. ನಾಲ್ಕು ಸಣ್ಣ ಡಿಸ್ಕ್ ಇದ್ದರೆ 4 ಆಂಪಿಯರ್, ಅಂದರೆ 20 ವಾಟ್. ಹಬ್ ತಾನೇ ತಿನ್ನುವುದು, ಒಂದು ಪೆನ್ ಡ್ರೈವ್, ಸ್ವಲ್ಪ ಉಸಿರಾಡಲು ಜಾಗ ಅಂತ ಸೇರಿಸಿದರೆ 30 ವಾಟ್ ದಾಟಬೇಕು. ಹಬ್ಬಿನ ಅಡಾಪ್ಟರ್ ಮೇಲೆ 12 ವೋಲ್ಟ್, 3 ಆಂಪಿಯರ್ ಅಂತ ಇದ್ದರೆ 36 ವಾಟ್, ಧಾರಾಳ ಆಯಿತು. 12 ವೋಲ್ಟ್, 2 ಆಂಪಿಯರ್ ಆದರೆ 24 ವಾಟ್. ಒಳಗೆ 12ನ್ನು 5ಕ್ಕೆ ಇಳಿಸುವಾಗ ಸ್ವಲ್ಪ ನಷ್ಟವಾಗುತ್ತದೆ, ಹಾಗಾಗಿ ನಾಲ್ಕು ಡಿಸ್ಕಿಗೆ ಇದು ಅಂಚಿನಲ್ಲಿ ನಿಲ್ಲುತ್ತದೆ. 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಟ್ಟು ಏಳು ಪೋರ್ಟ್ ಇಟ್ಟಿದ್ದಾರೆ ಅಂದರೆ ಅದು ಕೀಬೋರ್ಡ್, ಪ್ರಿಂಟರ್, ಪೆನ್ ಡ್ರೈವಿಗೆ ಸರಿ. ಹಾರ್ಡ್ ಡಿಸ್ಕಿಗೆ ಬೇಡ.

ಎಸ್‌ಎಸ್‌ಡಿ (ಚಿಪ್ಪಿನಲ್ಲೇ ಫೈಲ್ ಇಡುವ ಡಿಸ್ಕ್) ಇದ್ದರೆ ಏನು ಅಂತ ಕೇಳಬಹುದು. ತಿರುಗುವ ತಟ್ಟೆ ಇಲ್ಲ, ಆರಂಭದ ಎಳೆತವೂ ಇಲ್ಲ. ಆದರೆ ಜೋರಾಗಿ ಬರೆಯುವಾಗ ಕೆಲವು ಎಸ್‌ಎಸ್‌ಡಿ ಹಾರ್ಡ್ ಡಿಸ್ಕಿಗಿಂತ ಜಾಸ್ತಿಯೇ ತಿನ್ನುತ್ತವೆ. ಅದಕ್ಕೂ 1 ಆಂಪಿಯರ್ ಇಟ್ಟುಬಿಡಿ.

ಹಬ್ ಆರಿಸುವುದು

ಕಾಸರಗೋಡು ಪೇಟೆಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಮಂಗಳೂರಿಗೆ ಹೋದಾಗ ತರಬಹುದು, ಆನ್‌ಲೈನಿನಲ್ಲಂತೂ ರಾಶಿ ಇದೆ. ಎಲ್ಲಿ ಕೊಂಡರೂ ಪೆಟ್ಟಿಗೆಯ ಮುಂದಿನ ಚಿತ್ರ ನೋಡಬೇಡಿ, ಅಡಾಪ್ಟರಿನ ಚೀಟಿ ನೋಡಿ. ಅಡಾಪ್ಟರ್ ಸಿಕ್ಕಿಸುವ ತೂತು ಮಾತ್ರ ಇಟ್ಟು, ಅಡಾಪ್ಟರನ್ನೇ ಕೊಡದ ಹಬ್ ಕೂಡ ಇವೆ. ಅವನ್ನೂ ಪವರ್ಡ್, ಅಂದರೆ ಅಡಾಪ್ಟರಿನಿಂದ ಕರೆಂಟ್ ಪಡೆಯುವ ಹಬ್, ಅಂತಲೇ ಮಾರುತ್ತಾರೆ. ಕೇಳಿ ತೆಗೆದುಕೊಳ್ಳಿ.

ವೇಗ 5 ಗಿಗಾಬಿಟ್ ಆದರೆ ಹಾರ್ಡ್ ಡಿಸ್ಕಿಗೆ ಸಾಕು. ಇದನ್ನು ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಅಂತ ಮೂರು ಹೆಸರಿನಲ್ಲಿ ಕರೆಯುತ್ತಾರೆ. ಮೂರೂ ಒಂದೇ, ಹೆಸರು ಹೊಸದಾಯಿತು ಅಂತ ಜಾಸ್ತಿ ದುಡ್ಡು ಕೊಡಬೇಡಿ. ಆ ಒಂದು ದಾರಿಯಲ್ಲಿ ಎಲ್ಲ ಸೇರಿ ಸೆಕೆಂಡಿಗೆ 400 ಎಂಬಿ ಚಿಲ್ಲರೆ ಹೋಗುತ್ತದೆ. 2.5 ಇಂಚಿನ ಡಿಸ್ಕ್ ಒಂದಕ್ಕೆ 100ರಿಂದ 130 ಎಂಬಿ ಬೇಕು. ಹಾಗಾಗಿ ನಾಲ್ಕು ಡಿಸ್ಕ್ ಒಟ್ಟಿಗೆ ಓಡಿದರೂ ಅಂಥ ತೊಂದರೆ ಇಲ್ಲ. ಎರಡು ಎಸ್‌ಎಸ್‌ಡಿ ಇಟ್ಟು ವಿಡಿಯೊ ಎಡಿಟ್ ಮಾಡುವವರಿಗೆ ಮಾತ್ರ 10 ಗಿಗಾಬಿಟ್ ಹಬ್ ಬೇಕಾಗುತ್ತದೆ. ಅಥವಾ ಎಸ್‌ಎಸ್‌ಡಿಯನ್ನು ನೇರ ಕಂಪ್ಯೂಟರಿಗೆ ಕೊಟ್ಟು ಹಾರ್ಡ್ ಡಿಸ್ಕುಗಳನ್ನಷ್ಟೇ ಹಬ್ಬಿಗೆ ಹಾಕಿ. ನನಗೆ ಇಷ್ಟವಾದ ಜೋಡಣೆ ಇದೇ.

ಪ್ರತಿ ಪೋರ್ಟಿಗೆ ಒಂದೊಂದು ಸ್ವಿಚ್ ಇರುವ ಹಬ್ ಬರುತ್ತದೆ. ಅನುಕೂಲ ಹೌದು. ಬೇಕಾದ ಡಿಸ್ಕ್ ಮಾತ್ರ ಆನ್ ಮಾಡಬಹುದು, ಕೇಬಲ್ ಎಳೆದು ಪೋರ್ಟ್ ಸಡಿಲ ಆಗುವುದಿಲ್ಲ. ಆದರೆ ಕಾಪಿ ನಡೆಯುತ್ತಿರುವಾಗ ಯಾರಾದರೂ ಮೇಜು ಒರೆಸಲು ಹೋಗಿ ಸ್ವಿಚ್ ಒತ್ತಿದರೆ ಫೈಲ್ ಹೋಯಿತು. ಮಕ್ಕಳಿರುವ ಮನೆಯಲ್ಲಿ ಹಬ್ಬನ್ನು ಮೇಜಿನ ಹಿಂಬದಿಗೆ, ಕೈಗೆ ಎಟುಕದಂತೆ ಇಡಿ.

ಪೋರ್ಟ್ ಏಳು ಇದೆ ಅಂದರೆ ಒಳಗೆ ಹೆಚ್ಚಾಗಿ ನಾಲ್ಕು ಪೋರ್ಟಿನ ಎರಡು ಚಿಪ್ ಒಂದರ ಬಾಲಕ್ಕೆ ಒಂದು ಕಟ್ಟಿರುತ್ತಾರೆ. ಒಂದನೆಯ ಚಿಪ್ಪಿನ ಒಂದು ಪೋರ್ಟ್ ಎರಡನೆಯದಕ್ಕೆ ಹೋಗುತ್ತದೆ, ಉಳಿಯುವುದು ಮೂರು ಮತ್ತು ನಾಲ್ಕು, ಒಟ್ಟು ಏಳು. ಇದು ಗೊತ್ತಿದ್ದರೆ ಒಂದು ಲಾಭ ಇದೆ. ಯುಎಸ್‌ಬಿ ನಿಯಮದಂತೆ ಕಂಪ್ಯೂಟರ್ ಮತ್ತು ಡಿಸ್ಕಿನ ನಡುವೆ ಸಾಲಾಗಿ ಐದಕ್ಕಿಂತ ಹೆಚ್ಚು ಹಬ್ ಇರಬಾರದು. ಒಂದು ಹಬ್ಬಿಗೆ ಇನ್ನೊಂದು ಹಬ್ ಸಿಕ್ಕಿಸಿದಾಗ ನಿಮ್ಮ ಕಣ್ಣಿಗೆ ಎರಡು ಕಂಡರೂ ಒಳಗೆ ನಾಲ್ಕು ಆಗಿರುತ್ತದೆ. ಅದರಿಂದ ಹಬ್ಬಿಗೆ ಹಬ್ ಕಟ್ಟಬೇಡಿ. ಎರಡು ಹಬ್ ಬೇಕೇ ಬೇಕು ಅಂದರೆ ಎರಡನ್ನೂ ಕಂಪ್ಯೂಟರಿನ ಬೇರೆ ಬೇರೆ ಪೋರ್ಟಿಗೆ ಕೊಡಿ.

ಜೋಡಿಸುವ ಕ್ರಮ

1. ಹಬ್ ಮಾತ್ರ ಮೊದಲು. ಡಿಸ್ಕ್ ಯಾವುದೂ ಬೇಡ. ಅಡಾಪ್ಟರನ್ನು ಗೋಡೆಗೆ ಕೊಟ್ಟು, ಹಬ್ಬಿನ ದೀಪ ಹತ್ತಿತೇ ನೋಡಿ.

2. ಕಂಪ್ಯೂಟರ್ ಆಫ್ ಇರುವಾಗಲೇ ಹಬ್ಬಿನ ಕೇಬಲನ್ನು ಅದಕ್ಕೆ ಸಿಕ್ಕಿಸಿ, ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನ ಪವರ್ ಕೇಬಲ್ ಗೋಡೆಯಿಂದ ತೆಗೆದಿಡಿ. ಈಗ ಕಂಪ್ಯೂಟರಿನಲ್ಲಿ ಎಲ್ಲಾದರೂ ದೀಪ ಮಿಣುಕಿದರೆ, ಫ್ಯಾನ್ ಅಲುಗಿದರೆ, ಹಬ್ಬಿನ ಕರೆಂಟ್ ಉಲ್ಟಾ ಕಂಪ್ಯೂಟರಿನೊಳಗೆ ಹರಿಯುತ್ತಿದೆ ಅಂತ ಅರ್ಥ. ಒಳ್ಳೆಯ ಹಬ್ ಹೀಗೆ ಮಾಡುವುದಿಲ್ಲ. ಮಾಡಿದರೆ ಅಂಗಡಿಗೆ ವಾಪಸ್ ಕೊಡಿ. ಮದರ್‌ಬೋರ್ಡಿಗೆ ಇದು ಒಳ್ಳೆಯದಲ್ಲ, ಆಫ್ ಮಾಡಿದ ಕಂಪ್ಯೂಟರ್ ಮತ್ತೆ ಸರಿಯಾಗಿ ಆನ್ ಆಗದೆಯೂ ಕಾಡುತ್ತದೆ. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ, ಆದರೂ ಯಾರೂ ಮಾಡುವುದಿಲ್ಲ.

3. ಯಾವ ಪೋರ್ಟಿಗೆ? ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೆ. ಅದು ನೇರ ಮದರ್‌ಬೋರ್ಡಿನದು. ಮುಂದಿನ ಪೋರ್ಟುಗಳು ಒಳಗೆ ಒಂದು ವಯರ್ ದಾಟಿ ಬರುತ್ತವೆ, ಕಡಿಮೆ ಬೆಲೆಯ ಕ್ಯಾಬಿನೆಟ್ ಆದರೆ ಆ ವಯರೇ ತಕರಾರು. ಪೋರ್ಟಿನೊಳಗಿನ ನಾಲಿಗೆ ನೀಲಿ ಇದ್ದರೆ ಹೆಚ್ಚಾಗಿ ಯುಎಸ್‌ಬಿ 3. ಎಲ್ಲ ಕಂಪನಿಯವರೂ ನೀಲಿ ಹಾಕುವುದಿಲ್ಲ, ಪಕ್ಕದಲ್ಲಿ ಎಸ್‌ಎಸ್ ಗುರುತು ಇದೆಯೇ ಅಂತಲೂ ನೋಡಿ. ಪಿನ್ನನ್ನು ಒಮ್ಮೆಲೇ, ಗಟ್ಟಿಯಾಗಿ ಒಳಗೆ ತಳ್ಳಿ. ಮೆಲ್ಲ ಮೆಲ್ಲ ತುರುಕಿದರೆ ಹಳೆಯ ಯುಎಸ್‌ಬಿ 2ರ ಪಿನ್ನುಗಳು ಮೊದಲು ತಾಗಿ, ಕಂಪ್ಯೂಟರ್ ಅದನ್ನು ನಿಧಾನದ ಹಬ್ ಅಂತಲೇ ಗುರುತಿಸುವುದುಂಟು.

4. ಕಂಪ್ಯೂಟರ್ ಆನ್ ಮಾಡಿ. ಪೂರ್ತಿ ಬಂದ ಮೇಲೆ ಒಂದು ಡಿಸ್ಕ್ ಸಿಕ್ಕಿಸಿ. ಅದು ತೆರೆದು ಫೈಲ್ ಕಾಣುವ ತನಕ ಕಾಯಿರಿ. ಆಮೇಲೆ ಎರಡನೆಯದು. ಎಲ್ಲವನ್ನೂ ಒಟ್ಟಿಗೆ ಚುಚ್ಚಿದರೆ ಎಲ್ಲ ತಟ್ಟೆಗಳೂ ಒಂದೇ ಕ್ಷಣದಲ್ಲಿ ತಿರುಗಲು ಹೊರಟು ಅಡಾಪ್ಟರಿನ ಕುತ್ತಿಗೆಗೇ ಬರುತ್ತದೆ.

ಕಂಪ್ಯೂಟರ್ ಆನ್ ಆಗುವಾಗಲೇ ಡಿಸ್ಕುಗಳು ಸಿಕ್ಕಿದ್ದು, ಅದು ಕಪ್ಪು ಪರದೆಯಲ್ಲಿ ನಿಂತುಬಿಟ್ಟರೆ, ಹೊರಗಿನ ಡಿಸ್ಕಿನಲ್ಲಿ ವಿಂಡೋಸ್ ಹುಡುಕುತ್ತಾ ಕೂತಿರುತ್ತದೆ. ಬಯೋಸ್‌ನಲ್ಲಿ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್) ಬೂಟ್ ಆರ್ಡರಿಗೆ, ಅಂದರೆ ಯಾವ ಡಿಸ್ಕನ್ನು ಮೊದಲು ನೋಡಬೇಕು ಎಂಬ ಪಟ್ಟಿಗೆ, ಹೋಗಿ ಒಳಗಿನ ಡಿಸ್ಕನ್ನು ಮೊದಲಿಗೆ ತನ್ನಿ.

5. ಒಂದೊಂದು ಡಿಸ್ಕಿಗೂ ವೇಗ ನೋಡಿ. 5 ಜಿಬಿಯ ಒಂದು ವಿಡಿಯೊ ಫೈಲ್ ಕಾಪಿ ಮಾಡಿದರೆ ಸಾಕು. ಸೆಕೆಂಡಿಗೆ 100 ಎಂಬಿ ಆಸುಪಾಸು ತೋರಿಸಿದರೆ ಸರಿ. 35–40 ಎಂಬಿಯಲ್ಲೇ ಅಂಟಿಕೊಂಡರೆ ಎಲ್ಲೋ ಯುಎಸ್‌ಬಿ 2 ಆಗಿದೆ. ಪೋರ್ಟ್ ಇರಬಹುದು, ಕೇಬಲ್ ಇರಬಹುದು, ಪಿನ್ ಪೂರ್ತಿ ಹೋಗದೆ ಇರಬಹುದು. ಈ ವ್ಯತ್ಯಾಸ ಸಣ್ಣದಲ್ಲ. 1 ಟಿಬಿ ಕಾಪಿ ಮಾಡಲು 110 ಎಂಬಿ ವೇಗದಲ್ಲಿ ಎರಡೂವರೆ ಗಂಟೆ, 35 ಎಂಬಿಯಲ್ಲಿ ಸುಮಾರು ಎಂಟು ಗಂಟೆ. ಯುಎಸ್‌ಬಿ 2ರಲ್ಲಿ ಇನ್ನೊಂದು ಕಷ್ಟ ಇದೆ. ಅದು ಒಂದು ಹೊತ್ತಿಗೆ ಒಂದೇ ದಿಕ್ಕಿಗೆ ಹೋಗುವ ದಾರಿ. ಒಂದೇ ಹಬ್ಬಿನ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಯುಎಸ್‌ಬಿ 3ರಲ್ಲಿ ಹೋಗಲು ಬರಲು ಬೇರೆ ಬೇರೆ ತಂತಿ ಇರುವುದರಿಂದ ಈ ಗೋಳಿಲ್ಲ.

ಮೊದಲ ಕೆಲವು ಜಿಬಿ ಚೆನ್ನಾಗಿ ಹೋಗಿ ಆಮೇಲೆ ವೇಗ ಕುಸಿದರೆ ಹಬ್ಬನ್ನು ಬೈಯಬೇಡಿ. ಇತ್ತೀಚಿನ ಎಷ್ಟೋ 2.5 ಇಂಚಿನ ಡಿಸ್ಕುಗಳಲ್ಲಿ ಗೆರೆಗಳನ್ನು ಒಂದರ ಮೇಲೆ ಒಂದು ಬರುವಂತೆ ಬರೆಯುತ್ತಾರೆ, ಎಸ್‌ಎಂಆರ್ ಅನ್ನುತ್ತಾರೆ ಅದನ್ನು. ತುಂಬಾ ಹೊತ್ತು ಬರೆದರೆ ಅಂಥ ಡಿಸ್ಕ್ ಏದುಸಿರು ಬಿಡುತ್ತದೆ. ರಾತ್ರಿ ಕಾಪಿಗೆ ಹಾಕಿ ಮಲಗುವುದೇ ಅದಕ್ಕೆ ಮದ್ದು.

ಹೆಸರು, ಅಕ್ಷರ, ಚೀಟಿ

ಡಿಸ್ಕ್ ಹೆಚ್ಚಾದಾಗ ವಿಂಡೋಸ್ ಇ, ಎಫ್, ಜಿ ಅಂತ ಸಿಕ್ಕ ಅಕ್ಷರ ಕೊಡುತ್ತಾ ಹೋಗುತ್ತದೆ. ಇವತ್ತು ಜಿ ಆಗಿದ್ದದ್ದು ನಾಳೆ ಎಚ್. ಎಡಿಟಿಂಗ್ ಸಾಫ್ಟ್‌ವೇರ್ ಮತ್ತು ಬ್ಯಾಕಪ್ ಸಾಫ್ಟ್‌ವೇರ್ ಆಗ ಫೈಲ್ ಸಿಗುತ್ತಿಲ್ಲ ಅಂತ ಅಳುತ್ತವೆ. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್' ಆರಿಸಿ, ಕೊನೆಯ ಕಡೆಯ ಒಂದು ಅಕ್ಷರ ಕೊಡಿ. ಪಿ, ಕ್ಯೂ, ಆರ್, ಎಸ್ ಒಳ್ಳೆಯದು. ಪೆನ್ ಡ್ರೈವುಗಳು ಬಂದು ಆ ಜಾಗ ಹಿಡಿಯುವುದು ಅಪರೂಪ.

ಇದೇ ಕಿಟಕಿಯಲ್ಲಿ ಜಾಗ್ರತೆ ಕೂಡ ಬೇಕು. 'ಇನಿಶಿಯಲೈಸ್ ಡಿಸ್ಕ್' ಅಂತಲೋ, ಫಾರ್ಮ್ಯಾಟ್ ಮಾಡಿದರೆ ಮಾತ್ರ ಬಳಸಬಹುದು ಅಂತಲೋ ಕೇಳಿದರೆ, ಒಳಗೆ ಫೈಲ್ ಇರುವ ಡಿಸ್ಕಿಗೆ ಯಾವತ್ತೂ ಸರಿ ಅನ್ನಬೇಡಿ. ಕ್ಯಾನ್ಸಲ್ ಒತ್ತಿ. ಕರೆಂಟ್ ಸಾಲದೆ ಅರ್ಧ ಎಚ್ಚರವಾದ ಡಿಸ್ಕೂ ಹೀಗೆ ಕೇಳುವಂತೆ ಮಾಡುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಆದದ್ದೂ ಹೀಗೆ ಕೇಳಬಹುದು. ನೇರ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಕೊಟ್ಟು ನೋಡಿದ ಮೇಲೆ ಉಳಿದ ಮಾತು.

ಡಿಸ್ಕಿಗೆ ಕನ್ನಡದಲ್ಲೇ ಹೆಸರಿಡಬಹುದು. ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನ ಹೆಸರಿಗೆ 32 ಅಕ್ಷರ, ಎಕ್ಸ್‌ಫ್ಯಾಟ್‌ಗೆ 11 ಮಾತ್ರ. ಕನ್ನಡದಲ್ಲಿ ಕಾಗುಣಿತದ ಗುರುತು, ಒತ್ತಿನ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. 'ಯಕ್ಷಗಾನ' ಅಂದರೆ 7 ಆಯಿತು, 'ತಾಳಮದ್ದಳೆ' 9. ಅದಕ್ಕೆ ಹೆಸರು ಚಿಕ್ಕದಿರಲಿ. ಅದೇ ಹೆಸರು ಬರೆದ ಚೀಟಿ ಡಿಸ್ಕಿನ ಮೇಲೂ ಇರಲಿ, ಕೇಬಲಿನ ಎರಡೂ ತುದಿಯಲ್ಲೂ ಇರಲಿ. ಹಬ್ಬಿನ ಹತ್ತಿರ ಏಳು ಕಪ್ಪು ಕೇಬಲ್ ಸೇರಿದಾಗ ಯಾವುದು ಯಾರದು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಫಾರ್ಮ್ಯಾಟ್ ವಿಷಯ ಚುಟುಕಾಗಿ: ಬರೀ ವಿಂಡೋಸಿನಲ್ಲೇ ಬಳಸುವುದಾದರೆ ಎನ್‌ಟಿಎಫ್‌ಎಸ್. ಟಿವಿಗೂ ಮ್ಯಾಕಿಗೂ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್. ಫ್ಯಾಟ್ 32 ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. 2 ಟಿಬಿಗಿಂತ ದೊಡ್ಡ ಡಿಸ್ಕಿಗೆ ಡಿಸ್ಕಿನ ಭಾಗಗಳ ಪಟ್ಟಿ ಜಿಪಿಟಿ ಬಗೆಯದೇ ಬೇಕು, ಹಳೆಯ ಎಂಬಿಆರ್ ಆಗುವುದಿಲ್ಲ.

ನಿದ್ದೆ ಹೋಗುವ ಪೋರ್ಟ್

ಕರೆಂಟ್ ಉಳಿಸಲು ವಿಂಡೋಸ್ ಯುಎಸ್‌ಬಿ ಪೋರ್ಟುಗಳನ್ನು ಮಲಗಿಸುತ್ತದೆ. ಲ್ಯಾಪ್‌ಟಾಪಿಗೆ ಇದು ಸರಿ, ನಾಲ್ಕು ಡಿಸ್ಕಿನ ಹಬ್ಬಿಗೆ ಸರಿಯಲ್ಲ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಇದ್ದರೆ ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ 'ಯುಎಸ್‌ಬಿ ರೂಟ್ ಹಬ್' ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ.

ತೆಗೆಯುವಾಗ ಕೆಳಗಿನ ಮೂಲೆಯ 'ಸೇಫ್ಲಿ ರಿಮೂವ್' ಒತ್ತಿಯೇ ತೆಗೆಯಿರಿ. ವಿಂಡೋಸ್ 10ರ 1809 ಆವೃತ್ತಿಯಿಂದ ಮಾಮೂಲಿಯಾಗಿ 'ಕ್ವಿಕ್ ರಿಮೂವಲ್' ಇರುತ್ತದೆ, ಸುಮ್ನೆ ಎಳೆದರೂ ನಡೆಯುತ್ತದೆ ಅನ್ನುವವರಿದ್ದಾರೆ. ಕಾಪಿ ಮುಗಿದಿದ್ದರೆ ನಡೆಯಬಹುದು, ಮುಗಿದಿದೆ ಅಂತ ಖಾತ್ರಿ ಯಾರು ಕೊಡುತ್ತಾರೆ? ಡಿಸ್ಕ್ ಬಳಕೆಯಲ್ಲಿದೆ, ತೆಗೆಯಲಾಗದು ಅಂತ ಹಟ ಹಿಡಿದರೆ ತೆರೆದ ಕಿಟಕಿಗಳನ್ನೆಲ್ಲ ಮುಚ್ಚಿ ನೋಡಿ. ಆಗಲೂ ಬಿಡದಿದ್ದರೆ ಶಿಫ್ಟ್ ಕೀ ಒತ್ತಿಕೊಂಡು ಶಟ್ ಡೌನ್ ಕೊಡಿ. ಆಗ ಅರ್ಧ ನಿದ್ದೆಯ ಬದಲು ಪೂರ್ತಿ ಆಫ್ ಆಗುತ್ತದೆ, ಆಮೇಲೆ ಕೇಬಲ್ ತೆಗೆಯಬಹುದು.

ಕರೆಂಟ್ ಹೋಗುವ ಊರಿನಲ್ಲಿ

ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ತಪ್ಪುವುದು ಇಲ್ಲಿ. ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ. ಹಬ್ಬಿನ ಅಡಾಪ್ಟರ್ ಮಾತ್ರ ಗೋಡೆಯ ಬೋರ್ಡಿನಲ್ಲಿ. ಕರೆಂಟ್ ಹೋದಾಗ ಕಂಪ್ಯೂಟರ್ ಬದುಕಿಯೇ ಇರುತ್ತದೆ, ಹಬ್ ಸಾಯುತ್ತದೆ, ಬರೆಯುತ್ತಿದ್ದ ಡಿಸ್ಕುಗಳೆಲ್ಲ ನಡುವಿನಲ್ಲೇ ನಿಲ್ಲುತ್ತವೆ. ಯುಪಿಎಸ್ ಇದ್ದೂ ಇಲ್ಲದ ಹಾಗೆ. ಹಬ್ಬಿನ ಅಡಾಪ್ಟರ್, 3.5 ಇಂಚಿನ ಡಿಸ್ಕುಗಳ ಅಡಾಪ್ಟರ್, ಎಲ್ಲವೂ ಯುಪಿಎಸ್‌ನಿಂದಲೇ ಬರಬೇಕು. ನಾಲ್ಕೈದು ಡಿಸ್ಕ್ ಸೇರಿದರೂ ಹೆಚ್ಚಾಗುವುದು 40–50 ವಾಟ್ ಅಷ್ಟೇ. 600 ವಿಎ ಯುಪಿಎಸ್ ಅದನ್ನು ಹೊರುತ್ತದೆ, ಬ್ಯಾಕಪ್ ಕೆಲವು ನಿಮಿಷ ಕಡಿಮೆಯಾಗುತ್ತದೆ. ಯುಪಿಎಸ್‌ನಲ್ಲಿ ಸಾಕೆಟ್ ಸಾಲದಿದ್ದರೆ ಸಾದಾ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ. ಅಡಾಪ್ಟರುಗಳು ದಪ್ಪ, ಒಂದು ಸಿಕ್ಕಿಸಿದರೆ ಪಕ್ಕದ ಸಾಕೆಟ್ ಮುಚ್ಚುತ್ತದೆ. ಸಾಕೆಟ್ ದೂರ ದೂರ ಇರುವ ಬಾಕ್ಸ್ ನೋಡಿ ತನ್ನಿ. ಸ್ಪೈಕ್ ಗಾರ್ಡನ್ನು ಯುಪಿಎಸ್‌ನ ನಂತರ ಹಾಕಬೇಡಿ, ಅದರ ಜಾಗ ಯುಪಿಎಸ್‌ಗಿಂತ ಮೊದಲು.

ಇಡೀ ಮನೆಗೆ ಇನ್ವರ್ಟರ್ ಇದೆ, ಬೇರೆ ಯುಪಿಎಸ್ ಇಲ್ಲ ಅನ್ನುವವರು ಇನ್ವರ್ಟರಿನ ಮೇಲೆ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ಹುಡುಕಿ. ಆ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ. ನಾರ್ಮಲ್ ಮೋಡಿನಲ್ಲಿ ಇರುವ ಸಣ್ಣ ತಡೆ ಫ್ಯಾನಿಗೂ ಬಲ್ಬಿಗೂ ಗೊತ್ತಾಗುವುದಿಲ್ಲ, ಡಿಸ್ಕಿಗೆ ಗೊತ್ತಾಗುತ್ತದೆ.

ಹಬ್ಬಿನ ಲೋಹದ ಮೈ ಮುಟ್ಟಿದಾಗ ಜುಂ ಅನ್ನುತ್ತದೆ ಅಂತ ಕೆಲವರು ಹೇಳುತ್ತಾರೆ. ಎರಡು ಪಿನ್ನಿನ ಅಡಾಪ್ಟರುಗಳಿಂದ ಸ್ವಲ್ಪ ಸೋರಿಕೆ ಇರುತ್ತದೆ. ಕಂಪ್ಯೂಟರ್ ಮೂರು ಪಿನ್ನಿನದಾಗಿ, ಅರ್ತಿಂಗ್ ಸರಿ ಇದ್ದರೆ ಕೇಬಲಿನ ಹೊರ ಕವಚದ ಮೂಲಕ ಅದು ನೆಲಕ್ಕೆ ಇಳಿಯುತ್ತದೆ. ಆದರೂ ಜುಂ ಅಂದರೆ ಮನೆಯ ಅರ್ತಿಂಗ್ ನೋಡಿಸಿ. ಮುರಕಲ್ಲಿನ ಪದವಿನ (ಗುಡ್ಡದ ಮೇಲಿನ ಬಯಲು) ಮೇಲಿನ ಮನೆಗಳಲ್ಲಿ ಬೇಸಿಗೆಗೆ ಅರ್ತಿಂಗ್ ಗುಂಡಿ ಒಣಗಿ ಹೋಗುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಆಗಾಗ ಅದಕ್ಕೆ ನೀರು ಹಾಕಬೇಕು.

ಸಿಡಿಲಿನ ವಿಷಯ. ಮುಂಗಾರಿಗಿಂತ ಮೊದಲು ಎಪ್ರಿಲ್–ಮೇಯಲ್ಲಿ, ಆಮೇಲೆ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆಯಲ್ಲಿ, ಮಧ್ಯಾಹ್ನ ಕಳೆದ ಮೇಲೆ ಗುಡುಗು ಶುರುವಾಗುವುದು ಇಲ್ಲಿಯ ಎಲ್ಲರಿಗೂ ಗೊತ್ತು. ಆಗ ಯುಪಿಎಸ್ ಆಗಲಿ ಸ್ಪೈಕ್ ಗಾರ್ಡ್ ಆಗಲಿ ಕಾಪಾಡುತ್ತದೆ ಅಂತ ಕೂರಬೇಡಿ. ದೂರದಲ್ಲಿ ಗುಡುಗಿದ ಕೂಡಲೇ ಡಿಸ್ಕುಗಳನ್ನು ಸೇಫ್ಲಿ ರಿಮೂವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ, ಪಿನ್ನುಗಳನ್ನು ಗೋಡೆಯಿಂದಲೇ ತೆಗೆಯಿರಿ. ಮೋಡೆಮ್ಮಿನಿಂದ ಬರುವ ಲ್ಯಾನ್ ಕೇಬಲನ್ನೂ ತೆಗೆಯಿರಿ. ಫೈಬರ್ ಕನೆಕ್ಷನ್ ಆದರೆ ಗಾಜಿನ ತಂತಿಯಲ್ಲಿ ಕರೆಂಟ್ ಬರುವುದಿಲ್ಲ ನಿಜ, ಆದರೆ ಮೋಡೆಮ್ಮಿನ ಅಡಾಪ್ಟರ್ ಮೂಲಕ ಬಂದು ಲ್ಯಾನ್ ಕೇಬಲಿನಲ್ಲಿ ದಾಟುತ್ತದೆ. ಸಿಡಿಲು ಹತ್ತಿರ ಬಂದ ಮೇಲೆ ಮಾತ್ರ ಪಿನ್ ಮುಟ್ಟಲು ಹೋಗಬೇಡಿ. ಡಿಸ್ಕ್ ಹೋದರೆ ಹೋಗಲಿ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಹಬ್ಬಿಗೆ ಸದಾ ಸಿಕ್ಕಿಸಿಟ್ಟ ಎರಡನೇ ಡಿಸ್ಕ್ ಬ್ಯಾಕಪ್ ಅಲ್ಲ. ಒಂದೇ ಹೊಡೆತಕ್ಕೆ ಹಬ್ಬಿನಲ್ಲಿರುವ ಎಲ್ಲವೂ ಹೋಗಬಹುದು. ವೈರಸ್ ಬಂದರೂ ಹಾಗೆಯೇ, ಕಂಡ ಡಿಸ್ಕುಗಳನ್ನೆಲ್ಲ ಮುಟ್ಟುತ್ತದೆ. ಬ್ಯಾಕಪ್ ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಸಿಕ್ಕಿಸಿ, ಆಮೇಲೆ ತೆಗೆದು ಕಪಾಟಿಗೆ ಇಡಿ. ಹಳೆಯ ಭಾಗವತರ ಹಾಡಿನಂಥ, ಮತ್ತೆ ಸಿಗದ ರೆಕಾರ್ಡಿಂಗ್ ಇದ್ದರೆ ಮೂರನೆಯ ಪ್ರತಿ ಬೇರೆ ಮನೆಯಲ್ಲಿರಲಿ. ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಅಕ್ಕನೋ ಭಾವನೋ ಇದ್ದೇ ಇರುತ್ತಾರೆ.

ತೊಂದರೆ ಬಂದಾಗ ಎಲ್ಲಿ ಹುಡುಕುವುದು

ಎಲ್ಲ ಡಿಸ್ಕುಗಳೂ ಒಟ್ಟಿಗೆ ಮಾಯವಾಗಿ ಒಟ್ಟಿಗೆ ಬರುತ್ತಿದ್ದರೆ ಡಿಸ್ಕುಗಳನ್ನು ಅನುಮಾನಿಸಬೇಡಿ. ಹಬ್ಬಿನ ಅಡಾಪ್ಟರ್, ಅದರ ಪಿನ್, ಕಂಪ್ಯೂಟರಿಗೆ ಹೋಗುವ ಮುಖ್ಯ ಕೇಬಲ್, ಈ ಮೂರನ್ನು ನೋಡಿ. ಒಂದೇ ಡಿಸ್ಕ್ ಹೋಗಿ ಬರುತ್ತಿದ್ದರೆ ಅದರ ಕೇಬಲನ್ನು ಪಕ್ಕದ ಡಿಸ್ಕಿನ ಕೇಬಲಿಗೆ ಅದಲು ಬದಲು ಮಾಡಿ. ತೊಂದರೆ ಕೇಬಲಿನ ಜೊತೆ ಹೋಯಿತೇ, ಡಿಸ್ಕಿನ ಜೊತೆ ಉಳಿಯಿತೇ ಅಂತ ಗೊತ್ತಾಗುತ್ತದೆ. ಆಮೇಲೆ ಹಬ್ಬಿನ ಪೋರ್ಟ್ ಬದಲಾಯಿಸಿ. ಒಮ್ಮೆಗೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಕೇಬಲ್ ಚಿಕ್ಕದಿದ್ದಷ್ಟು ಒಳ್ಳೆಯದು. ಅರ್ಧ ಮೀಟರ್ ಸಾಕು. ಉದ್ದ, ಸಪೂರ ಕೇಬಲಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಡಿಸ್ಕಿನ ಜೊತೆ ಬಂದ ಕೇಬಲ್ ಇದ್ದರೆ ಅದನ್ನೇ ಬಳಸಿ. ಅಗಲ ಬಾಯಿಯ ಹಳೆಯ ಮೈಕ್ರೊ ಬಿ ಪಿನ್ ಸ್ವಲ್ಪ ಎಳೆದರೂ ಸಡಿಲವಾಗುತ್ತದೆ. ಅಂಥ ಡಿಸ್ಕನ್ನು ಕೇಬಲಿಗೆ ನೇತು ಬೀಳದಂತೆ ಚಪ್ಪಟೆ ಮಲಗಿಸಿ ಇಡಿ. ಕಡಲ ಹತ್ತಿರದ ಮನೆಗಳಲ್ಲಿ, ಉಪ್ಪಳ, ಮಂಜೇಶ್ವರದ ತೀರದಲ್ಲಿ, ಉಪ್ಪು ಗಾಳಿಗೆ ಪಿನ್ನುಗಳ ಮೇಲೆ ಮಂಕು ಕಟ್ಟುತ್ತದೆ. ತೆಗೆದು ಹಾಕಿ ತೆಗೆದು ಹಾಕಿ ಮಾಡಿದರೆ ಸರಿಯಾಗುವ ತೊಂದರೆ ಅಂದರೆ ಹೆಚ್ಚಾಗಿ ಇದೇ. ಮಳೆಗಾಲದಲ್ಲಿ ಬಳಸದ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹಬ್ಬಿನ ಖಾಲಿ ಪೋರ್ಟಿಗೆ ಮುಚ್ಚಳ ಹಾಕಿ, ಇರುವೆಗಳಿಗೆ ಬೆಚ್ಚಗಿನ ಜಾಗ ಅಂದರೆ ಬಲು ಪ್ರೀತಿ.

ಹಬ್ ಹಾಕಿದ ದಿನದಿಂದ ವಯರ್‌ಲೆಸ್ ಮೌಸ್ ಎಡವುತ್ತಿದೆಯೇ? ಯುಎಸ್‌ಬಿ 3ರ ಓಡಾಟದಿಂದ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹುಟ್ಟುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಪರೀಕ್ಷಿಸಿ ಹೇಳಿದೆ. ಮೌಸಿನ ಡಾಂಗಲನ್ನು ಹಬ್ಬಿನಲ್ಲಿ ಇಡಬೇಡಿ, ಕಂಪ್ಯೂಟರಿನ ಮುಂದಿನ ಪೋರ್ಟಿಗೆ ಹಾಕಿ.

ಯಾವಾಗ ಏನಾಯಿತು ಅಂತ ವಿಂಡೋಸ್ ಬರೆದಿಡುತ್ತದೆ. 'ಇವೆಂಟ್ ವ್ಯೂವರ್' ತೆರೆದು, ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಮ್. 157 ಎಂಬ ಸಂಖ್ಯೆ ಕಂಡರೆ ಡಿಸ್ಕ್ ಹೇಳದೆ ಕೇಳದೆ ಹೋಗಿದೆ ಅಂತ. ಆ ಹೊತ್ತಿಗೆ ಫ್ರಿಜ್ ಆನ್ ಆಗಿತ್ತೇ, ಪಂಪ್ ಹಾಕಿದ್ದರೇ ಅಂತ ಹೋಲಿಸಿ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ. ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಕು. ಅದು ಹಳದಿ ತೋರಿಸಿದರೆ ರಿಪೇರಿ ಅಂತ ಅಲೆಯುವ ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ. ಅದರಲ್ಲೇ ಡಿಸ್ಕಿನ ಬಿಸಿಯೂ ಕಾಣುತ್ತದೆ. 50 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸದೆ ಬೆರಳು ಹೋಗುವಷ್ಟು ಅಂತರ ಬಿಟ್ಟರೆ ನಮ್ಮ ಬೇಸಿಗೆಯಲ್ಲೂ ನಡೆಯುತ್ತದೆ.

ಎಂಟು ಹತ್ತು ಡಿಸ್ಕ್ ಆಯಿತು, ದಿನವೂ ಬೇಕು ಅನ್ನುವವರಿಗೆ ಹಬ್ ಸರಿಯಾದ ದಾರಿಯಲ್ಲ. ಸಣ್ಣವನ್ನೆಲ್ಲ ಎರಡು ದೊಡ್ಡ ಡಿಸ್ಕಿಗೆ ಸೇರಿಸುವುದು ಅಥವಾ ನಾಲ್ಕು ಡಿಸ್ಕ್ ಒಳಗೇ ಕೂರುವ ಡಾಕ್ ಇಲ್ಲವೇ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರುವ ಡಿಸ್ಕ್ ಪೆಟ್ಟಿಗೆ) ತರುವುದು ಒಳ್ಳೆಯದು. ಹಬ್ಬಿನ ಡಿಸ್ಕುಗಳನ್ನು ಸೇರಿಸಿ ರೇಡ್, ಅಂದರೆ ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ, ಮಾಡಲು ಮಾತ್ರ ಹೋಗಬೇಡಿ. ಒಂದು ಕ್ಷಣ ಒಂದು ಪಿನ್ ಸಡಿಲವಾದರೂ ಇಡೀ ಗುಂಪು ಕೆಡುತ್ತದೆ.

ಕೊನೆಗೆ ಅಡಾಪ್ಟರ್. ಹಬ್ಬಿನಲ್ಲಿ ಮೊದಲು ಹೋಗುವುದು ಹೆಚ್ಚಾಗಿ ಅದೇ. ಆಗ ಮನೆಯಲ್ಲಿ ಬಿದ್ದಿರುವ ಸೆಟ್‌ಟಾಪ್ ಬಾಕ್ಸಿನದೋ ಹಳೆಯ ಮೋಡೆಮ್ಮಿನದೋ ತಂದು ಚುಚ್ಚುವ ಆಸೆಯಾಗುತ್ತದೆ, ಪಿನ್ನಿನ ಗಾತ್ರ ಒಂದೇ ಇರುತ್ತದಲ್ಲ. 5 ವೋಲ್ಟಿನ ಹಬ್ಬಿಗೆ 12 ವೋಲ್ಟ್ ಕೊಟ್ಟರೆ ಹಬ್ ಮಾತ್ರವಲ್ಲ, ಅದರಲ್ಲಿರುವ ಡಿಸ್ಕುಗಳೂ ಸುಡಬಹುದು. ವೋಲ್ಟ್ ಅದೇ ಇರಬೇಕು. ನಡುವಿನ ತೂತು ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರವೂ ಹೊಂದಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಹೊಸ ಹಬ್ ಪೆಟ್ಟಿಗೆಯಿಂದ ತೆಗೆದ ದಿನವೇ ಅಡಾಪ್ಟರ್ ಮೇಲೆ ಮಾರ್ಕರಿನಲ್ಲಿ 'ಹಬ್' ಅಂತ ಬರೆದು, ಅದರ ಚೀಟಿಯ ಒಂದು ಫೋಟೊ ಮೊಬೈಲಿನಲ್ಲಿ ತೆಗೆದಿಡಿ.